ಮೈ ಭಾರ ಅನ್ನಿಸುವ ದಿನ ಮನೆಯಲ್ಲಿ ಸುಖವಾಗಿರುವುದು ಹೇಗೆ

ಕೆಲವು ದಿನ ಹಾಸಿಗೆಯಿಂದ ಏಳುವಾಗಲೇ ಗೊತ್ತಾಗಿಬಿಡುತ್ತದೆ, ಇವತ್ತು ಮೈಯಲ್ಲಿ ಕಸುವಿಲ್ಲ ಅಂತ. ಜ್ವರ ಬಿಟ್ಟು ಎರಡು ದಿನ ಆಗಿರಬಹುದು, ಊರಲ್ಲಿ ಮದುವೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಕೂತೇ ತೂಕಡಿಸಿಕೊಂಡು ಬಂದಿರಬಹುದು, ಮುಟ್ಟಿನ ಮೊದಲ ದಿನ ಇರಬಹುದು, ಇಲ್ಲವೇ ವಾರವಿಡೀ ದುಡಿದ ಆಯಾಸವೆಲ್ಲ ಭಾನುವಾರ ಒಟ್ಟಿಗೆ ಬಂದು ಕೂತಿರಬಹುದು. ಇಂಥ ದಿನವನ್ನು ನಾವು ಹೆಚ್ಚಾಗಿ ಎರಡು ರೀತಿಯಲ್ಲಿ ಹಾಳು ಮಾಡಿಕೊಳ್ಳುತ್ತೇವೆ. ಒಂದೋ, ಆಗದಿದ್ದರೂ ಗೊಣಗಿಕೊಂಡು ಎಲ್ಲ ಕೆಲಸಕ್ಕೂ ಕೈ ಹಾಕುತ್ತೇವೆ. ಇಲ್ಲಾ, ಫೋನ್ ಹಿಡಿದು ಮಲಗಿದವರು ಸಂಜೆ ತಲೆ ದಿಮ್ ಅಂದಾಗಲೇ ಏಳುತ್ತೇವೆ. ಎರಡರಲ್ಲೂ ಸುಸ್ತು ಇಳಿಯುವುದಿಲ್ಲ.

ಮೈಗೆ ಶಕ್ತಿ ಇಲ್ಲದಿದ್ದರೂ ಮೂಗು, ಕಿವಿ, ಕಣ್ಣು, ಕೈಬೆರಳು ಎಲ್ಲ ಎಚ್ಚರವಾಗಿಯೇ ಇರುತ್ತವೆ. ಅವಕ್ಕೆ ಹಿತವಾದದ್ದನ್ನು ಒಂದೊಂದಾಗಿ, ನಿಧಾನವಾಗಿ ಕೊಡುತ್ತಾ ಹೋದರೆ ದಿನ ಚೆನ್ನಾಗಿ ಕಳೆಯುತ್ತದೆ. ಏನನ್ನು ಆರಿಸಿಕೊಳ್ಳಬೇಕು ಅನ್ನುವುದಕ್ಕೆ ನಾನು ನೋಡುವುದು ಎರಡೇ: ಕೂತಲ್ಲೇ ಆಗಬೇಕು, ಅರ್ಧಕ್ಕೆ ಬಿಟ್ಟರೂ ಯಾರಿಗೂ ತೊಂದರೆ ಆಗಬಾರದು. ಬೀರು ಖಾಲಿ ಮಾಡಿ ಬಟ್ಟೆ ಜೋಡಿಸುವ ಕೆಲಸ ಇದರಲ್ಲಿ ಪಾಸಾಗುವುದಿಲ್ಲ. ಸೀರೆ, ಪಂಚೆ, ಸ್ವೆಟರ್ ಎಲ್ಲ ಮಂಚದ ಮೇಲೆ ಹರಡಿದ ಮೇಲೆ ಕೈಲಾಗದೆ ಹೋದರೆ ಮಲಗುವುದಕ್ಕೂ ಜಾಗ ಇರುವುದಿಲ್ಲ. ಅವರೆಕಾಯಿ ಸುಲಿಯುವುದು ಪಾಸು. ಸಾಕಾದರೆ ಪುಟ್ಟಿ ಪಕ್ಕಕ್ಕಿಟ್ಟು ಎದ್ದರಾಯಿತು.

ಶುರು ಮಾಡುವ ಮೊದಲು ಒಂದು ಮಾತು. ಎರಡು ವಾರವಾದರೂ ಸುಸ್ತು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ, ಇವುಗಳಲ್ಲಿ ಯಾವುದು ಏರುಪೇರಾಗಿದ್ದರೂ ಮೈ ಹೀಗೇ ಸೋಲುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಜ್ವರ ಬಿಟ್ಟ ಮೇಲೆ ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯ ಕಾಣಿಸಿಕೊಳ್ಳುವುದು ಜಾಸ್ತಿ. ಮುಂದೆ ಬರೆದಿರುವುದೆಲ್ಲ ಸಾಧಾರಣ ಸುಸ್ತಿಗೆ.

ಬೆಳಗ್ಗೆ

ಮೊದಲು ಮನೆಯವರಿಗೆ ಹೇಳಿಬಿಡಿ. "ಇವತ್ತು ನನ್ನ ಕೈಲಿ ಆಗಲ್ಲ, ಮಧ್ಯಾಹ್ನಕ್ಕೆ ಅನ್ನ, ತಿಳಿಸಾರು ಅಷ್ಟೇ" ಅಂತ ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಹೇಳದೆ ಮುಖ ಸಪ್ಪೆ ಮಾಡಿಕೊಂಡು ಓಡಾಡಿದರೆ ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಸಿಟ್ಟು ಬರುತ್ತದೆ, ಅಲ್ವಾ?

ಬಿಸಿನೀರಿನಲ್ಲಿ ಮುಖ ತೊಳೆದು, ಒಗೆದೂ ಒಗೆದೂ ಮೆತ್ತಗಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಆಮೇಲೆ ಮನೆಯಲ್ಲಿ ಎಲ್ಲಿ ಕೂರಬೇಕು ಅಂತ ನೋಡಿ. ಬೆಂಗಳೂರು, ಮೈಸೂರಿನ ಚಳಿಗಾಲವಾದರೆ ಬಿಸಿಲು ಬೀಳುವ ಮೆಟ್ಟಿಲೋ ಬಾಲ್ಕನಿಯೋ, ಕಾಲಿಗೆ ಬಿಸಿಲು, ತಲೆಗೆ ನೆರಳು ಇರುವ ಹಾಗೆ ಕುರ್ಚಿ ಹಾಕಿಕೊಳ್ಳಿ. ಕಲಬುರಗಿ, ರಾಯಚೂರಿನ ಮೇ ತಿಂಗಳಾದರೆ ಲೆಕ್ಕ ಉಲ್ಟಾ: ಹೊತ್ತೇರುವ ಮೊದಲೇ ಕಿಟಕಿ ಮುಚ್ಚಿ, ನೆಲಕ್ಕೆ ಒದ್ದೆ ಬಟ್ಟೆ ಎಳೆದು, ಕತ್ತಲೆಯ ಕೋಣೆಯಲ್ಲಿ ಇರಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರಿನ ಒಂದು ಚಿಕ್ಕ ಕಟ್ಟನ್ನು ಚೆನ್ನಾಗಿ ತೊಳೆದು ಹಾಕಿಡಿ. ಮೊದಲ ಮಳೆಗೆ ನೆಂದ ಮಣ್ಣಿನಂಥ ವಾಸನೆ ನೀರಿಗೆ ಬರುತ್ತದೆ, ಒಂದೊಂದು ಲೋಟವೂ ಕುಡಿಯಬೇಕು ಅನ್ನಿಸುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬೇರು ತೆಗೆದು ಬಿಸಿಲಿಗೆ ಹಾಕಿ ಒಣಗಿಸಿ.

ಕಾಫಿ ಕುಡಿಯುವವರು ಇವತ್ತು ಡಿಕಾಕ್ಷನ್ನನ್ನು ಅವಸರವಿಲ್ಲದೆ ಇಳಿಸಿ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಒಳಗಿನ ಬಿಲ್ಲೆಯಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯುವುದೇ ಇಲ್ಲ. ಕುದಿದ ನೀರನ್ನು ಒಂದು ಕ್ಷಣ ಬಿಟ್ಟು ಸುತ್ತಲೂ ಸುರಿಯಿರಿ, ಮುಚ್ಚಳ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷ ನೀವು ಮಾಡಬೇಕಾದ್ದು ಏನೂ ಇಲ್ಲ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರೆ ಸಾಕು, ವಾಸನೆ ತಾನಾಗಿಯೇ ಬರುತ್ತದೆ. ಹಾಲು ಉಕ್ಕುವಷ್ಟು ಬಿಸಿ ಇರಲಿ, ಡಿಕಾಕ್ಷನ್ನನ್ನು ಮಾತ್ರ ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಹಾಲು, ಡಿಕಾಕ್ಷನ್ ಬೆರೆಸಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಬೇರೇನೂ ಮಾಡದೆ ಕುಡಿಯಿರಿ. ಪೇಪರ್ ಆಮೇಲೆ ನೋಡಿದರಾಯಿತು.

ಜ್ವರ ಬಿಟ್ಟ ಹೊಟ್ಟೆಗೆ ಕಾಫಿ ಬೇಡ ಅನ್ನಿಸಿದರೆ ಕಷಾಯ. ಒಂದು ಲೋಟ ಕೊತ್ತಂಬರಿ ಬೀಜ, ಕಾಲು ಲೋಟ ಜೀರಿಗೆ, ಒಂದು ಚಮಚ ಮೆಣಸು, ಒಂದು ಚಮಚ ಮೆಂತ್ಯ, ಚಿಕ್ಕ ತುಂಡು ಒಣಶುಂಠಿ, ನಾಲ್ಕು ಏಲಕ್ಕಿ. ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ ಒಂದೊಂದನ್ನೂ ಬೇರೆ ಬೇರೆಯಾಗಿ ಘಮ ಬರುವವರೆಗೆ ಹುರಿದು, ಎಲ್ಲವನ್ನೂ ಸೇರಿಸಿ ಪುಡಿ ಮಾಡಿಟ್ಟುಕೊಂಡರೆ ತಿಂಗಳುಗಟ್ಟಲೆ ಇರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೇಕಾದಷ್ಟು ಬೆಲ್ಲ ಹಾಕಿ ಕುದಿಸಿ. ಹಾಲನ್ನು ಒಲೆ ಆರಿಸಿದ ಮೇಲೆ ಹಾಕಿ. ಬೆಲ್ಲದ ಜೊತೆ ಕುದಿಸಿದರೆ ಒಡೆದುಹೋಗಬಹುದು.

ರೇಡಿಯೋ

ಇಂಥ ದಿನ ರೇಡಿಯೋದಷ್ಟು ಹಿತವಾದ ಜೊತೆ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫೋನಿನಲ್ಲಿ ಹಾಡು ಕೇಳಬೇಕಾದರೆ ಯಾವುದು ಅಂತ ನಾವೇ ಆರಿಸಬೇಕು, ಆರಿಸುತ್ತಾ ಆರಿಸುತ್ತಾ ಇನ್ನೆಲ್ಲಿಗೋ ಹೋಗಿಬಿಡುತ್ತೇವೆ. ರೇಡಿಯೋ ಹಾಕಿದರೆ ಅವರು ಹಾಕಿದ್ದು ನಾವು ಕೇಳುವುದು. ಯಾವತ್ತೋ ಮರೆತ ಹಾಡು ಒಂದು ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ವಿವಿಧ ಭಾರತಿ 102.9ರಲ್ಲಿ ಸಿಗುತ್ತದೆ, ಶಾಸ್ತ್ರೀಯ ಸಂಗೀತ ಬೇಕಾದವರಿಗೆ ಅಮೃತವರ್ಷಿಣಿ 100.1. ಸೆಟ್ ಇಲ್ಲದವರು ಆಕಾಶವಾಣಿಯ ನ್ಯೂಸ್ ಆನ್ ಏರ್ ಆಪ್ ಹಾಕಿಕೊಂಡರೆ ಧಾರವಾಡವನ್ನೋ ಮಂಗಳೂರನ್ನೋ ಎಲ್ಲಿ ಕೂತಾದರೂ ಕೇಳಬಹುದು. ದೂರದೇಶದಲ್ಲಿರುವ ನಮ್ಮವರಿಗೆ ಇದು ದೊಡ್ಡ ಸಮಾಧಾನ. ಸ್ಟೇಷನ್ ಹಾಕಿ ಫೋನನ್ನು ಮಗುಚಿ ಇಡಿ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಮನೆಯಲ್ಲಿ ಕೂತವರಿಗೆ ಒಂದು ಮನೆಯಿಂದಲೇ ದನಿ ಬರುತ್ತಿತ್ತು ಅನ್ನುವುದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ದನಿ ಸಣ್ಣಗಿರಲಿ. ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುವಷ್ಟು ಸಾಕು.

ಊಟ: ಗಂಜಿ, ಅಂಬಲಿ, ತಂಬುಳಿ

ಸುಸ್ತಾದ ದಿನ ಹೊರಗಿನಿಂದ ತರಿಸಿ ತಿನ್ನುವುದು ಸುಲಭ ಅನ್ನಿಸುತ್ತದೆ, ಆದರೆ ಬಿರಿಯಾನಿ ತಿಂದ ಮೇಲೆ ಮೈ ಇನ್ನೂ ಭಾರ. ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಜ್ವರ ಬಂದಾಗ ಏನು ಕೊಡುತ್ತಿದ್ದರೋ ಅದನ್ನೇ ಮಾಡಿಕೊಳ್ಳಿ. ಕರಾವಳಿಯವರಿಗೆ ಕುಚಲಕ್ಕಿ ಗಂಜಿ, ಬಯಲುಸೀಮೆಯವರಿಗೆ ರಾಗಿ ಅಂಬಲಿ, ಉತ್ತರ ಕರ್ನಾಟಕದವರಿಗೆ ಜೋಳದ ನುಚ್ಚು, ಮಜ್ಜಿಗೆ. ಅಂಬಲಿಯಂತೂ ಹತ್ತು ನಿಮಿಷದ ಕೆಲಸ: ಎರಡು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹೊಳಪು ಬರುವವರೆಗೆ ಕೈಯಾಡಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ.

ಕುಚಲಕ್ಕಿ ಬೇಯುವುದು ನಿಧಾನ, ಕುಕ್ಕರಿನಲ್ಲಿ ಒಂದಕ್ಕೆ ಆರು ಅಳತೆ ನೀರಿಟ್ಟು, ಸಣ್ಣ ಉರಿಯಲ್ಲಿ ಬಿಟ್ಟು ಬಂದು ಕೂತುಕೊಳ್ಳಿ. ಅಗುಳು ಬಿರಿದಿರಬೇಕು, ಆದರೆ ಮುದ್ದೆ ಆಗಿರಬಾರದು, ತಿಳಿ ಬೇರೆ ಅಗುಳು ಬೇರೆಯಾಗಿ ಕಾಣಬೇಕು. ಬೋಗುಣಿಗೆ ಬಡಿಸಿಕೊಂಡು, ಉಪ್ಪು ಹಾಕಿ, ಮೇಲೆ ಅರ್ಧ ಚಮಚ ತುಪ್ಪ. ತುಪ್ಪ ಕರಗಿ ಹಳದಿ ಬೊಟ್ಟುಗಳಾಗಿ ತೇಲುವುದನ್ನು ನೋಡಿ. ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ, ಒಂದು ಸುಟ್ಟ ಹಪ್ಪಳ. ಮಿಡಿಯನ್ನು ಒಂದೇ ಸಲ ಕಚ್ಚಬೇಡಿ, ಒಂದು ಚಮಚ ಗಂಜಿಗೆ ಒಂದು ಚೂರು. ಕೊನೆಯ ತುತ್ತಿಗೆ ಓಟೆಯ ಭಾಗ ಉಳಿದಿರುತ್ತದೆ, ಅದನ್ನು ಚೀಪುತ್ತಾ ಐದು ನಿಮಿಷ ಸುಮ್ನೆ ಕೂತಿರಬಹುದು.

ಅನ್ನ ಇದ್ದರೆ ತಂಬುಳಿ ಮಾಡಿ. ಮಲೆನಾಡು, ಉತ್ತರ ಕನ್ನಡದ ಕಡೆ ಇದು ದಿನದ ಊಟದ್ದೇ, ಬೇರೆ ಕಡೆಯವರು ಯಾಕೋ ಇನ್ನೂ ಅಷ್ಟಾಗಿ ಮಾಡುವುದಿಲ್ಲ. ಎಂಟು ಹತ್ತು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು, ಅರ್ಧ ಚಮಚ ತುಪ್ಪ. ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ಎಲೆ ಹಾಕಿ ಬಾಡಿಸಿ. ದಪ್ಪ ಎಲೆಗಳು ನೋಡನೋಡುತ್ತಿದ್ದಂತೆ ನೀರು ಬಿಟ್ಟು ಕುಗ್ಗಿ, ಕಡು ಬಣ್ಣಕ್ಕೆ ತಿರುಗುತ್ತವೆ, ಅಡುಗೆಮನೆಯೆಲ್ಲ ಓಮದಂಥ ಘಾಟು. ಆರಿದ ಮೇಲೆ ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸುವ ಹಾಗಿಲ್ಲ. ದೊಡ್ಡಪತ್ರೆ ಸಿಗದ ಊರಿನಲ್ಲಿ, ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ, ಮೆಂತ್ಯದಲ್ಲಿ ಇದನ್ನೇ ಮಾಡಬಹುದು. ಕಾಲು ಚಮಚ ಮೆಂತ್ಯ ತುಪ್ಪದಲ್ಲಿ ಕೆಂಪಗೆ ಹುರಿದರೆ ಸಾಕು, ಕಪ್ಪಾದರೆ ಕಹಿ. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ ಸುರಿದು ಕಲಸಿದಾಗ ಕೈಗೆ ಬೆಚ್ಚಗೆ, ತಂಪು ಎರಡೂ ಒಟ್ಟಿಗೆ ತಾಗುತ್ತದೆ. ಚಮಚ ಬೇಡ.

ಊಟ ಆದ ಮೇಲೆ

ಚಾಪೆ ಹಾಸಿ ನೆಲದ ಮೇಲೆ ಮಲಗಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲವಾದರೆ ಇನ್ನೂ ಚೆನ್ನ, ಅಂಗಾಲು ಚಾಪೆಯ ಆಚೆ ಚಾಚಿ ನೆಲಕ್ಕೆ ತಾಗಿಸಿ ಇಟ್ಟುಕೊಳ್ಳಬಹುದು. ಹೊದೆಯಲು ಕೌದಿ ಇದ್ದರೆ ನೀವು ಪುಣ್ಯವಂತರು. ಅಮ್ಮನದೋ ಅಜ್ಜಿಯದೋ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿದ ಕೌದಿ ಪ್ರತಿ ಒಗೆತಕ್ಕೂ ಇನ್ನಷ್ಟು ಮೆತ್ತಗಾಗುತ್ತದೆ, ತೂಕ ಮಾತ್ರ ಮೈಮೇಲೆ ಹಿತವಾಗಿ ಕೂರುತ್ತದೆ. ನಿದ್ದೆ ಬರುವವರೆಗೆ ಸೀರೆಯ ತುಂಡುಗಳನ್ನು ನೋಡುತ್ತಾ ಯಾವುದು ಯಾರದ್ದು ಅಂತ ಗುರುತು ಹಿಡಿಯಬಹುದು. ಅರ್ಧ ಗಂಟೆಗೆ ಅಲಾರಂ ಇಡಿ. ಮೂರು ಗಂಟೆಯ ಮೇಲೆ ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ. ಕಾಯಿಲೆಯಿಂದ ಎದ್ದವರಿಗೆ ಈ ಲೆಕ್ಕ ಬೇಡ, ಬಂದಷ್ಟು ಮಲಗಲಿ.

ಎದ್ದ ಮೇಲೆ ಕೈಗೊಂದು ಕೆಲಸ ಇದ್ದರೆ ಮನಸ್ಸು ಅಲೆಯುವುದಿಲ್ಲ. ಡಿಸೆಂಬರ್, ಜನವರಿಯಾದರೆ ನಾನು ಹೇಳುವುದು ಹಿತಕಿದ ಬೇಳೆ. ಸುಲಿದ ಅವರೆಕಾಳನ್ನು ಐದಾರು ಗಂಟೆ ನೀರಿನಲ್ಲಿ ನೆನೆಸಿದರೆ ಸಿಪ್ಪೆ ಸಡಿಲವಾಗುತ್ತದೆ, ಹಿಂದಿನ ರಾತ್ರಿಯೇ ಮನೆಯವರು ನೆನೆಹಾಕಿದ್ದರೆ ನಿಮಗೆ ಕೂರುವುದಷ್ಟೇ ಕೆಲಸ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ. ಸಿಪ್ಪೆ ಬೆರಳಲ್ಲೇ ಉಳಿದು ಒಳಗಿನ ಬೇಳೆ ಪುಳಕ್ಕನೆ ಜಾರಿ ಬೀಳುತ್ತದೆ, ತಿಳಿಹಸಿರು, ಇನ್ನೂ ಒದ್ದೆ. ಪಾತ್ರೆಯ ಬಾಯಿಗೆ ಬೆರಳನ್ನು ಹತ್ತಿರ ಹಿಡಿಯಿರಿ, ಇಲ್ಲದಿದ್ದರೆ ಸೋಫಾದ ಕೆಳಗೆ ಹುಡುಕಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಕೈ ತಾನೇ ಲಯ ಹಿಡಿಯುತ್ತದೆ, ನೋಡದೆಯೇ ಒತ್ತಬಹುದು, ಕಿವಿಗೆ ರೇಡಿಯೋ, ಕಣ್ಣಿಗೆ ಕಿಟಕಿ. ಬೆರಳಿಗೆ ಹತ್ತಿದ ಸೊಗಡು ರಾತ್ರಿಯವರೆಗೂ ಹೋಗುವುದಿಲ್ಲ. ಹೋಗದೇ ಇರಲಿ. ಸಾರು ಮಾಡುವುದನ್ನು ನಾಳೆಗೋ ಬೇರೆಯವರಿಗೋ ಬಿಡಿ, ಫ್ರಿಜ್ಜಿನಲ್ಲಿ ಇರುತ್ತದೆ.

ಬೇರೆ ಕಾಲದಲ್ಲಾದರೆ ಕಾಲು ಕೇಜಿ ಕಾಕಡ ತರಿಸಿ ಹೂ ಕಟ್ಟಬಹುದು, ಅಂಗಿಗೆ ಗುಂಡಿ ಹೊಲಿಯಬಹುದು, ಹಳೇ ದೀಪಾವಳಿ ವಿಶೇಷಾಂಕದ ಪದಬಂಧ ತುಂಬಬಹುದು. ಇಬ್ಬರಿದ್ದರೆ ಅಳಗುಳಿಮಣೆ. ಮಣೆ ಇಲ್ಲದಿದ್ದರೂ ಸೀಮೆಸುಣ್ಣದಲ್ಲಿ ಎರಡು ಸಾಲಿಗೆ ಏಳೇಳು ಗುಂಡಿ ಬರೆದು, ಹುಣಸೆಬೀಜ ಹಾಕಿ ಆಡಿದರಾಯಿತು.

ಏನೂ ಬೇಡ ಅನ್ನಿಸಿದರೆ ಕಿಟಕಿ. ಒಂದು ದಾಸವಾಳದ ಗಿಡ ಕಾಣುವ ಕಿಟಕಿಯಾದರೆ ಮಧ್ಯಾಹ್ನವಿಡೀ ನೋಡುವುದಕ್ಕಿದೆ. ಹೆಬ್ಬೆರಳುದ್ದದ ಸೂರಕ್ಕಿ ಬರುತ್ತದೆ. ದೊಡ್ಡ ಹೂವಾದರೆ ಎದುರಿನಿಂದ ಹೋಗದೆ, ಹೂವಿನ ಬುಡಕ್ಕೇ ಬಗ್ಗಿದ ಕೊಕ್ಕು ಚುಚ್ಚಿ ಮಧು ಹೀರುತ್ತದೆ. ಅದು ಹೋದ ಮೇಲೆ ಹೂವನ್ನು ಬಗ್ಗಿಸಿ ನೋಡಿ, ಬುಡದಲ್ಲಿ ಸಣ್ಣ ಸೀಳು ಕಾಣುತ್ತದೆ. ಅಳಿಲು ಬಾಲ ಕುಣಿಸುತ್ತಾ ಒಂದೇ ಸಮ ಚಿಕ್ ಚಿಕ್ ಅಂತ ಕೂಗುತ್ತಿದ್ದರೆ ಹತ್ತಿರದಲ್ಲೆಲ್ಲೋ ಬೆಕ್ಕು ಇದೆ ಅಂತ ಅರ್ಥ, ಹುಡುಕಿ, ಸಿಗುತ್ತದೆ. ಹಕ್ಕಿಗೆ ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನಾ ಚೆಲ್ಲಿ ತಟ್ಟೆ ಉಜ್ಜಿ ಹೊಸ ನೀರು ಹಾಕಬೇಕು, ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ.

ಅಂಗಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ಒಂದು ಚಮಚ ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡಿ, ಹಿಮ್ಮಡಿಯಿಂದ ಬೆರಳ ಕಡೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ. ಟೈಲ್ಸ್ ನೆಲದಲ್ಲಿ ಜಾರುತ್ತದೆ, ಒರೆಸಿಕೊಂಡೇ ಏಳಿ.

ಸಂಜೆ

ಇಂಥ ದಿನದಲ್ಲಿ ಕಷ್ಟದ ಹೊತ್ತು ಮುಸ್ಸಂಜೆ. ದಿನ ಹೋಯಿತು, ಏನೂ ಮಾಡಲಿಲ್ಲ ಅಂತ ಮನಸ್ಸು ಕುಗ್ಗುವುದು ಆಗಲೇ. ಕತ್ತಲಾಗುವುದಕ್ಕೆ ಮುಂಚೆಯೇ ಲೈಟ್ ಹಾಕಿ, ಮುಖ ತೊಳೆದು, ದೀಪ ಹಚ್ಚುವ ಮನೆಯಾದರೆ ದೀಪ ಹಚ್ಚಿ. ತಿನ್ನುವುದಕ್ಕೆ ಹಚ್ಚವಲಕ್ಕಿ, ಒಲೆಯೇ ಬೇಡ: ತೆಳು ಅವಲಕ್ಕಿ, ಕೊಬ್ಬರಿ ಎಣ್ಣೆ, ಸಾರಿನ ಪುಡಿ, ಉಪ್ಪು, ಪುಡಿ ಬೆಲ್ಲ, ಕಾಯಿತುರಿ. ಕಾಯಿತುರಿ, ಬೆಲ್ಲ, ಪುಡಿಯನ್ನು ಮೊದಲು ಕೈಯಲ್ಲಿ ಕಿವುಚಿ ನೀರೂರಿದ ಮೇಲೆ ಅವಲಕ್ಕಿ ಹಾಕಿ ಕಲಸಿದರೆ ಚೆನ್ನಾಗಿ ಹತ್ತುತ್ತದೆ.

ಆಮೇಲೆ ಒಂದೇ ಒಂದು ಫೋನ್ ಕರೆ. ಯಾರ ಹತ್ತಿರ ನಿಮ್ಮ ಕೆಲಸ, ಮಕ್ಕಳ ಮಾರ್ಕ್ಸು, ಸಾಲ ಯಾವುದನ್ನೂ ಹೇಳಬೇಕಾಗಿಲ್ಲವೋ ಅಂಥವರಿಗೆ. ನನಗೆ ಅದು ಚಿಕ್ಕಮ್ಮ. "ಏನ್ ಮಾಡ್ತಿದ್ದೀರಿ ಚಿಕ್ಕಮ್ಮ?" ಅಂದರೆ "ಏನಿಲ್ಲ ಕಣೇ, ಸಂಡಿಗೆ ಒಳಗೆ ತೆಗೆದಿಟ್ಟೆ, ಮೋಡ ಆಗಿತ್ತು" ಅನ್ನುತ್ತಾರೆ. ಸಂಡಿಗೆ ಒಣಗಿತಾ, ಯಾರು ಬಂದಿದ್ದರು, ಹಸು ಕರು ಹಾಕಿತಾ, ಅಷ್ಟರಲ್ಲಿ ಹದಿನೈದು ನಿಮಿಷ ಹೋಗಿರುತ್ತದೆ.

ಮನೆಯ ಉಳಿದವರಿಗೆ

ಇದನ್ನೆಲ್ಲ ಓದುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಗಂಜಿ ಬೇಯಿಸುವವರು ಯಾರು? ನಮ್ಮ ಬಹಳಷ್ಟು ಮನೆಗಳಲ್ಲಿ ಅಮ್ಮನಿಗೋ ಹೆಂಡತಿಗೋ ಸುಸ್ತಾದ ದಿನವೂ ಅಡುಗೆಮನೆ ತಪ್ಪುವುದಿಲ್ಲ. ಅವರಿಗೆ ಇಂಥ ಒಂದು ದಿನ ಸಿಗಬೇಕಾದರೆ ಬೇರೆ ಯಾರಾದರೂ ಎದ್ದು ನಿಲ್ಲಲೇಬೇಕು. "ಏನಾದ್ರೂ ಮಾಡ್ಲಾ?" ಅಂತ ಕೇಳಬೇಡಿ, ಬೇಡ ಅಂತಲೇ ಹೇಳುತ್ತಾರೆ. ಕೇಳದೆ ಪಾತ್ರೆ ತೊಳೆಯಿರಿ. ಅಕ್ಕಿ ಎಲ್ಲಿದೆ, ಉಪ್ಪು ಎಷ್ಟು ಅಂತ ಹತ್ತು ಸಲ ಕೂಗಿದರೆ ಅವರು ಎದ್ದು ಬಂದೇ ಬರುತ್ತಾರೆ, ಆದ್ದರಿಂದ ಡಬ್ಬಿಗಳು ಎಲ್ಲಿವೆ ಅಂತ ಮೊದಲೇ ತಿಳಿದಿಟ್ಟುಕೊಳ್ಳಿ. ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಅಂಬಲಿಯಲ್ಲಿ ಗಂಟಾದರೂ ಅವರು ಖುಷಿಯಿಂದಲೇ ಕುಡಿಯುತ್ತಾರೆ.

ಚೆನ್ನಾಗಿರುವ ದಿನ ಮಾಡಿಡಬೇಕಾದ್ದು

ಮೈಯಲ್ಲಿ ಶಕ್ತಿ ಇಲ್ಲದ ದಿನ ಮಸಾಲೆ ಹುರಿಯುವುದಕ್ಕೆ ಆಗುವುದಿಲ್ಲ. ಅದಕ್ಕೇ ಕಷಾಯದ ಪುಡಿ, ಚಟ್ನಿಪುಡಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಇವು ಅಡುಗೆಮನೆಯ ಒಂದೇ ಕಡೆ, ಬಗ್ಗದೆ ಹತ್ತದೆ ಕೈಗೆ ಸಿಗುವ ಹಾಗೆ ಇರಲಿ. ರೇಡಿಯೋಗೆ ಒಂದು ಜೊತೆ ಸೆಲ್ ಜಾಸ್ತಿ ಇಟ್ಟಿರಿ. ಕೌದಿಯನ್ನು ಒಳ್ಳೆ ಬಿಸಿಲಿರುವ ದಿನ ಒಗೆದು ಒಣಗಿಸಿ ಮಡಚಿಡಿ. ಮಳೆಗಾಲದಲ್ಲಿ ಒಗೆದರೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ದೊಡ್ಡಪತ್ರೆ ಗಿಡವನ್ನಂತೂ ದುಡ್ಡು ಕೊಟ್ಟು ತರಬೇಕಾಗಿಲ್ಲ. ಅಕ್ಕಪಕ್ಕದ ಮನೆಯಲ್ಲಿ ಇದ್ದೇ ಇರುತ್ತದೆ, ನಾಲ್ಕು ಬೆರಳುದ್ದದ ಒಂದು ಕಡ್ಡಿ ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ಚುಚ್ಚಿ, ಅರೆ ನೆರಳಿನಲ್ಲಿಡಿ. ಕೆಲವೇ ವಾರದಲ್ಲಿ ಚಿಗುರುತ್ತದೆ. ನೀರು ಕಡಿಮೆ ಹಾಕಿ, ಜಾಸ್ತಿಯಾದರೆ ಬುಡ ಕೊಳೆಯುತ್ತದೆ. ತುದಿಯನ್ನು ಆಗಾಗ ಚಿವುಟುತ್ತಿದ್ದರೆ ಪೊದೆಯಾಗಿ ಬೆಳೆದು, ಯಾವಾಗ ಬೇಕೆಂದರೂ ಒಂದು ತಂಬುಳಿಗೆ ಆಗುವಷ್ಟು ಎಲೆ ಸಿಗುತ್ತದೆ.